ಮುತ್ಯಾನ ರುಮಾಲು, ನಮ್ಮ ಬಿಸಿಲು, ನಮ್ಮ ಫೋಟೋ

ಮುತ್ಯಾ ತೀರಿಕೊಂಡ ಮರುದಿನ ಮನೆಯಲ್ಲಿ ಎಲ್ಲರೂ ಫೋನು ಹಿಡಿದುಕೊಂಡು ಫೋಟೋ ಹುಡುಕುತ್ತಿದ್ದೆವು. ಕಟ್ಟು ಹಾಕಿಸಲು ಒಂದು ಒಳ್ಳೆ ಫೋಟೋ ಬೇಕಿತ್ತು. ಅವರು ನಗುತ್ತಿದ್ದ ಫೋಟೋ ಸಿಕ್ಕಿದ್ದು ಒಂದೇ. ಹೊಲದ ಬದುವಿನ ಮೇಲೆ, ಏಪ್ರಿಲ್ ತಿಂಗಳ ನಡು ಮಧ್ಯಾಹ್ನ, ನಾನೇ ತೆಗೆದದ್ದು. ನಗು ಚೆನ್ನಾಗಿ ಬಂದಿತ್ತು. ಆದರೆ ರುಮಾಲು ಇರಬೇಕಾದ ಜಾಗದಲ್ಲಿ ಬರೀ ಬಿಳಿ ಕಲೆ. ಸುತ್ತಿದ ಮಡಿಕೆ ಒಂದೂ ಕಾಣುತ್ತಿರಲಿಲ್ಲ. ಬಿಸಿಲು ಬಿದ್ದ ಎಡಗೆನ್ನೆಯೂ ಹಾಗೇ, ಸುಣ್ಣ ಬಳಿದಂತೆ.

ಒಂದು ಸ್ಟುಡಿಯೋಕ್ಕೆ ಕೊಟ್ಟೆವು. ಎರಡು ದಿನ ಬಿಟ್ಟು ದೊಡ್ಡ ಪ್ರಿಂಟ್ ಬಂತು. ಹಿಂದೆ ನೀಲಿ ಪರದೆ ಹಾಕಿದ್ದರು. ಮುಖ ಬೆಳ್ಳಗೆ ಮಾಡಿದ್ದರು. ಹಣೆಯ ನೆರಿಗೆ ಅಳಿಸಿದ್ದರು. ಅವ್ವ ಅದನ್ನು ತುಂಬಾ ಹೊತ್ತು ನೋಡಿದಳು. "ಇದ್ರಾಗ ನಮ್ಮಪ್ಪ ಎಲ್ಲಿ ಅದಾನ?" ಅಂದಳು.

ನಾನು ವಾಪಸ್ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ಒಂದು ಮಾತು ಹೇಳಿದ. "ಅಣ್ಣಾ, ಫೋಟೋ ಕಪ್ಪಗಿದ್ದಿದ್ರ ಏನರ ಮಾಡಬೋದಿತ್ತು. ಬೆಳ್ಳಗ ಸುಟ್ಟು ಹೋಗಿದ್ದು ಬರಂಗಿಲ್ರಿ." ಮುಖ ಬೆಳ್ಳಗೆ ಮಾಡಿದ್ದಕ್ಕೆ ನನ್ನ ತಕರಾರು ಈಗಲೂ ಇದೆ. ಆದರೆ ಈ ಮಾತು ನಿಜ. ಅವತ್ತಿನಿಂದ ನಾನು ಫೋಟೋ ತೆಗೆಯುವ ರೀತಿಯೇ ಬದಲಾಯಿತು.

ಯಾಕೆ ಬರುವುದಿಲ್ಲ ಅಂತ ಹೇಳುತ್ತೇನೆ. ನಮ್ಮ ಫೋನಿನ ಸಾಮಾನ್ಯ ಜೆಪೆಗ್ ಫೋಟೋದಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಇರುತ್ತವೆ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ತುದಿ. ಮುತ್ಯಾನ ರುಮಾಲಿನ ಮಡಿಕೆ, ನೂಲು, ನೆರಳು ಎಲ್ಲವೂ 255ಕ್ಕೆ ಹೋಗಿ ನಿಂತಿದ್ದವು. ಎಲ್ಲಾ ಒಂದೇ ಅಂಕಿ ಆದಮೇಲೆ ಮಡಿಕೆ ಯಾವುದು, ಬಟ್ಟೆ ಯಾವುದು ಅಂತ ಯಾವ ಆಪ್ ಹೇಳೀತು? ಕಪ್ಪಗಿರುವ ಕಡೆ ಹಾಗಲ್ಲ. ಅಲ್ಲಿ 12, 15, 20 ಅಂತ ಸಣ್ಣ ಸಣ್ಣ ವ್ಯತ್ಯಾಸ ಉಳಿದಿರುತ್ತದೆ. ಎತ್ತಿದರೆ ಸ್ವಲ್ಪ ಕಾಳುಕಾಳಾಗಿ ಬರುತ್ತದೆ, ಆದರೆ ಬರುತ್ತದೆ.

ಹಾಗಾಗಿ ನಮ್ಮ ಕಡೆಯ ಬಿಸಿಲಿನಲ್ಲಿ ಫೋಟೋ ತೆಗೆಯುವವರಿಗೆ ನಾನು ಹೇಳುವುದು ಒಂದೇ. ತೆಗೆಯುವಾಗ ಬಿಳಿಯನ್ನು ಉಳಿಸಿಕೊಳ್ಳಿ. ಕಪ್ಪನ್ನು ಮನೆಗೆ ಬಂದು ಎತ್ತಬಹುದು.

ಇದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ. ಫೋನಿನ ಪರದೆ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದಲ್ವಾ, ಅದನ್ನು ಕೆಳಗೆ ಎಳೆಯಿರಿ. ರುಮಾಲಿನ ಮಡಿಕೆ ಕಾಣುವವರೆಗೆ ಎಳೆಯಿರಿ. ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೆಳಕು ಅಲ್ಲೇ ಲಾಕ್ ಆಗುತ್ತದೆ, ಆಮೇಲೆ ಫೋನು ಆಚೆ ಈಚೆ ಆದರೂ ಬದಲಾಗುವುದಿಲ್ಲ. ಕ್ಯಾಮೆರಾ ಇದ್ದವರು ಪ್ಲಸ್ ಮೈನಸ್ ಗುಂಡಿ ಒತ್ತಿ ಮೈನಸ್ 1 ಮಾಡಿ ನೋಡಿ. ಮೈನಸ್ 1 ಅಂದರೆ ಬೆಳಕು ಅರ್ಧಕ್ಕೆ ಇಳಿಯಿತು ಅಂತ.

ಆದರೆ ಯಾವಾಗಲೂ ಇಳಿಸಬೇಕು ಅಂತಲ್ಲ. ಕ್ಯಾಮೆರಾಗೆ ಎದುರಿಗೆ ಏನಿದೆ ಅನ್ನುವುದು ಪೂರ್ತಿ ಗೊತ್ತಾಗುವುದಿಲ್ಲ. ಅದರ ಬೆಳಕಿನ ಲೆಕ್ಕ ಮೂಲದಲ್ಲಿ ತುಂಬಾ ಸರಳ. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ನಡುವಿನ ಬೂದಿ ಬಣ್ಣ ಬರಬೇಕು. ರಾಯಚೂರಿಗೆ ಹೋದಾಗ ಮಾರಾಟಕ್ಕೆ ತಂದು ಸುರಿದಿದ್ದ ಹತ್ತಿ ರಾಶಿಯ ಫೋಟೋ ತೆಗೆದೆ. ಫ್ರೇಮ್ ತುಂಬಾ ಹತ್ತಿ. ಮಳೆಗೆ ನೆಂದ ಹತ್ತಿಯ ಹಾಗೆ ಮಂಕಾಗಿ ಬಂತು. ಅದೇ ದಿನ ದಾರಿಯಲ್ಲಿ ಎಮ್ಮೆಯನ್ನು ಹತ್ತಿರದಿಂದ ತೆಗೆದೆ. ಮಿರಮಿರ ಮಿಂಚುವ ಕರಿ ಎಮ್ಮೆ ಬೂದಿಯಲ್ಲಿ ಹೊರಳಾಡಿ ಎದ್ದಂತೆ ಬಂತು. ಬಿಳಿಯನ್ನೂ ಕರಿಯನ್ನೂ ಕ್ಯಾಮೆರಾ ತನ್ನ ಬೂದಿಗೇ ಎಳೆದುಕೊಂಡಿತ್ತು. ಹತ್ತಿಗೆ ಪ್ಲಸ್ 1, ಎಮ್ಮೆಗೆ ಮೈನಸ್ 1. ಎರಡೂ ಸರಿಹೋದವು. ಫ್ರೇಮ್ ಪೂರ್ತಿ ಬಿಳಿ ಇದ್ದರೆ ಏರಿಸಿ. ಕಪ್ಪು ಜಾಸ್ತಿ ಇದ್ದು ನಡುವೆ ಸ್ವಲ್ಪ ಬಿಳಿ ಇದ್ದರೆ ಇಳಿಸಿ. ಮುತ್ಯಾ ನಿಂತಿದ್ದದ್ದು ಎರೆ ಹೊಲದಲ್ಲಿ. ಸುತ್ತ ಕರಿ ಮಣ್ಣು, ಕಪ್ಪಗಿನ ಮುಖ, ತಲೆ ಮೇಲೆ ಬಿಳಿ ರುಮಾಲು. ಮಣ್ಣನ್ನು ಬೂದಿ ಮಾಡಲು ಹೋಗಿ ಫೋನು ರುಮಾಲನ್ನು ಸುಟ್ಟಿತ್ತು. ಇದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಗಂಗಾವತಿ ಕಡೆ ಅಂಜನಾದ್ರಿಗೆ ಹೋದವರ ಫೋಟೋ ನೋಡಿ. 575 ಮೆಟ್ಟಿಲು ಹತ್ತಿ ಸುಸ್ತಾಗಿ, ಮೇಲಿನ ಬಿಳಿ ಗುಡಿ ಹಿಂದೆ ಬರುವಂತೆ ನಿಂತು ತೆಗೆಸಿಕೊಂಡಿರುತ್ತಾರೆ. ಗುಡಿಯೂ ಬಿಳಿ, ಆಕಾಶವೂ ಬಿಳಿ, ಗುಡಿ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬೇಗ ಹತ್ತಿ. ಬಿಸಿಲು ಓರೆಯಾಗಿ ಬಿದ್ದಾಗ ಬಂಡೆಗಳ ಉಬ್ಬು ತಗ್ಗು ಕಾಣುತ್ತದೆ, ಕೆಳಗಿನ ಭತ್ತದ ಗದ್ದೆ ಹಸಿರಾಗಿಯೇ ಉಳಿಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಯಾವ ಸೆಟ್ಟಿಂಗೂ ಅಷ್ಟು ಮಾಡಿಕೊಡುವುದಿಲ್ಲ.

ಅಲ್ಲೇ ಹೊಳೆ ಆಚೆ ಹಂಪಿಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಫೋಟೋ ತೆಗೆದಿದ್ದರು. ಆ ಕಾಲದ ರಾಸಾಯನಿಕ ನೀಲಿ ಬೆಳಕಿಗೆ ತುಂಬಾ ಬೇಗ ಸ್ಪಂದಿಸುತ್ತಿತ್ತು. ಹಾಗಾಗಿ ಕಲ್ಲು ಸರಿಯಾಗಿ ಬರುವ ಹೊತ್ತಿಗೆ ಆಕಾಶ ಖಾಲಿ ಬಿಳಿ ಆಗುತ್ತಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಒಂದು ಬೆರಳು ಕೆಳಗೆ ಎಳೆದರೆ ಸಾಕು.

ಇನ್ನು ಎಡಿಟಿಂಗ್. ಎಡಿಟ್ ಮಾಡಿದರೆ ಫೋಟೋ ಸುಳ್ಳಾಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ರೀಲ್ ಕಾಲದಲ್ಲೂ ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಹಾಕುವಾಗ ಒಂದು ಕಡೆ ಕೈ ಅಡ್ಡ ಹಿಡಿದು ಬೆಳಕು ಕಡಿಮೆ ಮಾಡುತ್ತಿದ್ದರು, ಇನ್ನೊಂದು ಕಡೆ ಜಾಸ್ತಿ ಬಿಡುತ್ತಿದ್ದರು. ನಮ್ಮ ಕಣ್ಣು ನೆರಳು ಬಿಸಿಲು ಎರಡನ್ನೂ ಒಟ್ಟಿಗೆ ನೋಡುತ್ತದೆ, ಕ್ಯಾಮೆರಾಗೆ ಅಷ್ಟು ಆಗುವುದಿಲ್ಲ. ಕಣ್ಣು ಕಂಡದ್ದನ್ನು ವಾಪಸ್ ತರುವುದಕ್ಕೆ ಎಡಿಟಿಂಗ್ ಬೇಕೇ ಬೇಕು.

ನಾನು ಬಳಸುವುದು ಸ್ನ್ಯಾಪ್‌ಸೀಡ್, ಎಡಿಟ್ ಮಾಡುವ ಆಪ್, ದುಡ್ಡು ಕೊಡಬೇಕಿಲ್ಲ. ಮೊದಲು ಫೋಟೋ ನೆಟ್ಟಗೆ ಮಾಡುತ್ತೇನೆ. ಕಂಬ, ಗೋಪುರ ವಾಲಿದ್ದರೆ ಉಳಿದದ್ದೆಲ್ಲ ಮಾಡಿಯೂ ದಂಡ. ಅಂಚಿನಲ್ಲಿ ಯಾರದೋ ಅರ್ಧ ಕೈ, ಪ್ಲಾಸ್ಟಿಕ್ ಕುರ್ಚಿ ಇದ್ದರೆ ಕತ್ತರಿಸುತ್ತೇನೆ. ಆಮೇಲೆ ಶ್ಯಾಡೋಸ್ (ಕಪ್ಪಗಿನ ಭಾಗ) ಸ್ವಲ್ಪ ಮೇಲೆ, ಹೈಲೈಟ್ಸ್ (ಬೆಳ್ಳಗಿನ ಭಾಗ) ಸ್ವಲ್ಪ ಕೆಳಗೆ. ಸಾಕು. ಶ್ಯಾಡೋಸ್ ಪೂರ್ತಿ ಎತ್ತಬೇಡಿ, ನೆರಳೇ ಇಲ್ಲದ ಮುಖ ಹಿಟ್ಟಿನ ಮುದ್ದೆಯ ಹಾಗೆ ಕಾಣುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೋ ಮೇಲೆ ಇದನ್ನೆಲ್ಲ ಮಾಡಬೇಡಿ. ಅದು ಮೊದಲೇ ಕುಗ್ಗಿಸಿದ ಫೋಟೋ. ತೆಗೆದವರ ಹತ್ತಿರ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.

ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಅದನ್ನು ಮಾತ್ರ ಮುಟ್ಟುವಾಗ ಹುಷಾರು. ಮದುವೆ ಫೋಟೋಗಳಲ್ಲಿ ಇಳಕಲ್ ಸೀರೆ ಹಾಳಾಗುವುದೇ ಇದರಿಂದ. ಟೋಪ ತೆನೆ ಸೆರಗು ಅಂದರೆ ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ಗೆರೆ. ಬಣ್ಣ ಏರಿಸಿದ ಕೂಡಲೇ ಕೆಂಪು ತನ್ನ 255 ಮುಟ್ಟಿಬಿಡುತ್ತದೆ. ನೂಲೆಲ್ಲ ಕರಗಿ ಕುಂಕುಮ ಚೆಲ್ಲಿದ ಹಾಗೆ ಆಗುತ್ತದೆ. ಇಷ್ಟು ದಿನ ಮಗ್ಗದ ಮುಂದೆ ಕೂತು ನೇಯ್ದವರ ಕೆಲಸ ಒಂದು ಬೆರಳಿಗೆ ಹೋಯಿತು.

ಮತ್ತೆ ಆ ಬ್ಯೂಟಿ ಫಿಲ್ಟರ್. ದಯವಿಟ್ಟು ಅದನ್ನು ಬಂದ್ ಮಾಡಿ. ಸುಮ್ನೆ ಹೇಳುತ್ತಿಲ್ಲ. ಬಿಸಿಲಲ್ಲಿ ದುಡಿದ ಮೈಬಣ್ಣ ನಮ್ಮದು. ಅದನ್ನು ಸರಿಮಾಡಬೇಕಾದ ತಪ್ಪು ಅಂತ ಫೋನು ತಿಳಿದುಕೊಂಡರೆ ನಾವೂ ಹಾಗೇ ತಿಳಿದುಕೊಳ್ಳಬೇಕಾ? ಕಪ್ಪು ಮುಖ ಚೆನ್ನಾಗಿ ಬರಬೇಕೆಂದರೆ ಬೆಳ್ಳಗೆ ಮಾಡಬೇಕಿಲ್ಲ. ಮುಖಕ್ಕೆ ಒಂದು ಬದಿಯಿಂದ ಮೆತ್ತಗಿನ ಬೆಳಕು ಬೀಳಬೇಕು. ನಮ್ಮ ಮನೆಗಳ ತಲೆಬಾಗಿಲ ಪಕ್ಕ ಆ ಬೆಳಕು ದಿನಾ ಸಿಗುತ್ತದೆ.

ಹೋದ ತಿಂಗಳು ಅವ್ವನನ್ನು ಅಲ್ಲೇ ಕೂರಿಸಿದೆ. ಪಡಸಾಲೆಯಲ್ಲಿ, ಬಾಗಿಲಿಂದ ಎರಡು ಹೆಜ್ಜೆ ಒಳಗೆ. ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿದ್ದ ಅಕ್ಕಿ ಮೇಲೆ ಬೆರಳಿಟ್ಟು, ಕಾಳು ಕಾಳಾಗಿ ಕಾಣುವವರೆಗೆ ಬೆಳಕು ಇಳಿಸಿದೆ. ಪರದೆಯಲ್ಲಿ ಅವಳ ಮುಖ ಕಪ್ಪಗೆ ಕಾಣುತ್ತಿತ್ತು. ಹೆದರಲಿಲ್ಲ, ತೆಗೆದೆ. ರಾತ್ರಿ ಕೂತು ಶ್ಯಾಡೋಸ್ 30ರವರೆಗೆ ಎತ್ತಿದೆ, ಬಣ್ಣ ಸ್ವಲ್ಪ ಬೆಚ್ಚಗೆ ಕಾಣಿಸುವ ವಾರ್ಮ್ತ್ 5. ಹಿಂದಿನ ಗೋಡೆಯ ಕ್ಯಾಲೆಂಡರ್ ಕತ್ತರಿಸಿದೆ. ಬೇರೆ ಏನೂ ಮುಟ್ಟಲಿಲ್ಲ.

ಬೆಳಿಗ್ಗೆ ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಮುಖ ನೋಡಿದಳು, ಮೊರ ನೋಡಿದಳು, ಮುಂಗೈ ಹತ್ತಿರ ನಿಂತಳು. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ ಅಲ್ಲಿದೆ. ಈಗ ಮಾಸಿ ಹೋಗಿ ನಮಗೇ ಕಾಣುವುದಿಲ್ಲ.

"ಇದು ನಮ್ಮಪ್ಪ ಕರ್ಕೊಂಡು ಹೋಗಿ ಹಾಕ್ಸಿದ್ದು" ಅಂದಳು. "ಇದೂ ಬಂದೈತಿ ನೋಡು."