ಲಾಂಚು ಹತ್ತದವರ ಸಿಂಗಾಪುರ ಯಾತ್ರೆ

ನಮ್ಮೂರಿನ ಆಡಳಿತ ಸಭೆಯ ಮಾನ್ಯ ಸದಸ್ಯರು ಕಸವನ್ನು ಅಭ್ಯಾಸ ಮಾಡಲು ಸಿಂಗಾಪುರಕ್ಕೆ ಹೊರಟಿರುವ ಸುದ್ದಿಯನ್ನು ನೀವೆಲ್ಲರೂ ಓದಿಯೇ ಇರುತ್ತೀರಿ. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಮಲೆನಾಡಿನ ಯಾವ ಪೇಟೆಯವರು ಓದಿದರೂ ಇದು ತಮ್ಮೂರಿನದೇ ಎಂದುಕೊಳ್ಳುತ್ತಾರೆ, ಹಾಗೆ ಅಂದುಕೊಂಡರೆ ಅವರ ಊಹೆ ಬಹಳ ದೂರ ಹೋಗುವುದೂ ಇಲ್ಲ. ಪತ್ರಿಕೆಯಲ್ಲಿ ಅದೇ ಸುದ್ದಿಯ ಕೆಳಗೆ, ಸಂತೆಮಾಳದ ಹಿಂದೆ ಎರಡು ವಾರದಿಂದ ಎತ್ತದೆ ಬಿದ್ದಿರುವ ಕಸದ ರಾಶಿಯ ಚಿತ್ರವೂ ಇತ್ತು. ಆ ರಾಶಿಯ ಬಳಿಗೆ ಹೋಗಲು ಪಾಸ್‌ಪೋರ್ಟ್ ಬೇಕಿಲ್ಲವಾದ್ದರಿಂದ ಅದು ಅಧ್ಯಯನಕ್ಕೆ ಯೋಗ್ಯವಲ್ಲವೆಂದು ಸಭೆಯಲ್ಲಿ ತೀರ್ಮಾನವಾಗಿರಬೇಕು.

ಪ್ರವಾಸವನ್ನು ಟೀಕಿಸುವ ಹೊಟ್ಟೆಕಿಚ್ಚಿನವರ ಸಾಲಿಗೆ ನಾನು ಸೇರಿದವನಲ್ಲ. ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತು ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದ ನಡೆದುಕೊಂಡು ಬಂದಿದೆ; ಇಷ್ಟು ವರ್ಷಗಳಲ್ಲಿ ಆ ಮಾತು ಬೆಂಗಳೂರಿನ ಸಿಗ್ನಲ್‌ಗಳನ್ನೆಲ್ಲ ದಾಟಿ ಘಟ್ಟ ಹತ್ತಿ ನಮ್ಮವರೆಗೆ ಬರಲು ಸ್ವಲ್ಪ ತಡವಾಗಿದೆ, ಅಷ್ಟೆ. ಕಳೆದ ವರ್ಷ ಸ್ವಂತ ದುಡ್ಡಿನಲ್ಲಿ, ಟೂರಿನವರ ಗುಂಪಿನ ಜೊತೆ, ಐದು ದಿನ ಅಲ್ಲಿಗೆ ಹೋಗಿ ಬಂದವನಾದ್ದರಿಂದ, ಸದಸ್ಯರ ಅಧ್ಯಯನ ವರದಿಯನ್ನು ಮುಂಗಡವಾಗಿ ಬರೆದುಕೊಟ್ಟು, ಅವರು ಅಲ್ಲಿ ನಿಶ್ಚಿಂತೆಯಿಂದ ಖರೀದಿ ಮಾಡಿಕೊಂಡಿರಲು ಅನುಕೂಲ ಮಾಡಿಕೊಡಬೇಕೆಂಬುದಷ್ಟೇ ನನ್ನ ಉದ್ದೇಶ.

ಚಾಂಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಂತೆ ಗಾಜಿನ ಗುಮ್ಮಟವೊಂದಿದ್ದು, 2019ರಲ್ಲಿ ಶುರುವಾದ ಆ ಕಟ್ಟಡದ ನಡುವೆ 40 ಮೀಟರ್ ಎತ್ತರದ ಜಲಪಾತವಿದೆ. ಒಳಾಂಗಣದ ಜಲಪಾತಗಳಲ್ಲಿ ಇದೇ ಜಗತ್ತಿಗೆ ದೊಡ್ಡದಂತೆ. ನಮ್ಮ ಗುಂಪಿನಲ್ಲಿ ಸಾಗರ ಸೀಮೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರಿದ್ದರು. ನಾವೆಲ್ಲ ಬಾಯಿ ಬಿಟ್ಟುಕೊಂಡು ಫೋಟೊ ಹೊಡೆಯುತ್ತಿದ್ದಾಗ ಅವರು ಮಾತ್ರ ಸೂರನ್ನೂ ನೆಲವನ್ನೂ ಸುತ್ತಲಿನ ಗೋಡೆಯನ್ನೂ ಹುಡುಕಿ ನೋಡಿ, "ಅಲ್ಲ ಮಾರಾಯ್ರೇ, ಇದರ ಗೇಟು ಎಲ್ಲಿಟ್ಟಿದಾರೆ?" ಎಂದು ಕೇಳಿದರು. 253 ಮೀಟರ್ ಎತ್ತರದ ಜೋಗದ ಬುಡದಲ್ಲಿ ಬೆಳೆದವರ ಮನಸ್ಸಿನಲ್ಲಿ, ನೀರು ಬೀಳುವುದು ಮಳೆಯಿಂದಲ್ಲ, ಲಿಂಗನಮಕ್ಕಿ ಅಣೆಕಟ್ಟಿನ ಎಂಜಿನಿಯರುಗಳು ಗೇಟು ಎತ್ತುವುದರಿಂದ ಎಂಬ ತಿಳಿವಳಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಚಾಂಗಿಯ ನೀರು ದಿನವೂ ಹೊತ್ತು ಹೊತ್ತಿಗೆ ಬೀಳುತ್ತದೆ. ನಮ್ಮ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಬೇಸಿಗೆಯಲ್ಲಿ ಗೋಡೆಗೆ ಒಣಹಾಕಿದ ಪಂಚೆಯಂತೆ ನೇತಾಡುತ್ತಿರುತ್ತಾರೆ.

ಮರುದಿನ ಮತ್ತೊಂದು ಗಾಜಿನ ಮನೆ. ಅದರೊಳಗೆ 35 ಮೀಟರಿನ ಕೃತಕ ಬೆಟ್ಟವನ್ನು ಕಟ್ಟಿ, ಮೈಮೇಲೆಲ್ಲ ಜರಿಗಿಡ, ಪಾಚಿ, ಸೀತಾಳೆ ಹೂಗಳನ್ನು ಅಂಟಿಸಿ, ತಂಪು ಗಾಳಿ ಬಿಟ್ಟು, ಹೊತ್ತು ಗೊತ್ತುಮಾಡಿ ಯಂತ್ರದಿಂದ ಮಂಜು ಬಿಡುತ್ತಾರೆ. ಆಗುಂಬೆಯ ಕಡೆಯ ಅಮ್ಮ ಒಬ್ಬರು, ವರ್ಷಕ್ಕೆ ಆರು ತಿಂಗಳು ಬಟ್ಟೆ ಒಣಗದೆ ಒಲೆಯ ಮೇಲೆ ಹರವಿ ಬೇಸತ್ತವರು, ಆ ಮಂಜಿನಲ್ಲಿ ನಿಂತು ಸೆರಗು ಹೊದ್ದುಕೊಂಡು, "ನಮ್ಮನೆ ಬಚ್ಚಲ ಹಿಂದೆ ಹೀಗೇ ಇದೆ, ಇದಕ್ಕಾ ಟಿಕೆಟ್ಟು?" ಎಂದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ಡಾಲರು ಕೊಟ್ಟು ಅರ್ಥ ಮಾಡಿಕೊಂಡ ಗುಂಪು ಇನ್ನೊಂದಿರಲಾರದು. ಆದರೂ ಸತ್ಯ ಹೇಳಬೇಕು, ಅಲ್ಲಿ ಒಂದೇ ಒಂದು ಚಿಪ್ಸ್ ಪೊಟ್ಟಣ ಬಿದ್ದಿರಲಿಲ್ಲ. ನಮ್ಮ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಸುತ್ತ ಏನೇನು ಬಿದ್ದಿರುತ್ತದೆಂದು ನಿಮಗೆ ಗೊತ್ತು.

ಈಗ ಕವಳದ, ಅಂದರೆ ನಮ್ಮ ಎಲೆಅಡಿಕೆಯ ವಿಷಯ. ಇದನ್ನು ಸದಸ್ಯರು ಗಮನವಿಟ್ಟು ಓದಬೇಕು. ಆ ಊರಿನಲ್ಲಿ ಉಗುಳಿದರೆ ದಂಡ, ಮೆಟ್ರೊ ರೈಲಿನಲ್ಲಿ ತಿಂದರೂ ಕುಡಿದರೂ 500 ಡಾಲರಿನವರೆಗೆ ದಂಡ, ಡುರಿಯನ್ ಹಣ್ಣನ್ನು ರೈಲಿನೊಳಗೆ ತರಕೂಡದೆಂದು ಚಿತ್ರಸಮೇತ ಫಲಕ, ಚೂಯಿಂಗ್ ಗಮ್ ಮಾರಾಟಕ್ಕೆ 1992ರಿಂದ ನಿಷೇಧ. ನಮ್ಮ ಸಾಗರದ ಹಿರಿಯರು ಇದನ್ನೆಲ್ಲ ಕೇಳಿಸಿಕೊಳ್ಳುವ ಮೊದಲೇ ಕವಳ ಹಾಕಿಕೊಂಡುಬಿಟ್ಟಿದ್ದರು. ರಸ ತುಂಬಿದ ಬಾಯಿಯನ್ನು ಬಿಗಿಹಿಡಿದು, ಕತ್ತನ್ನು ಸ್ವಲ್ಪ ಮೇಲೆತ್ತಿ, ಮಾತಾಡಿಸಿದವರಿಗೆಲ್ಲ ಹುಬ್ಬಿನಲ್ಲೇ ಉತ್ತರ ಕೊಡುತ್ತ ಅವರು ಆರು ನಿಲ್ದಾಣ ದಾಟಿದರು. ಅವರನ್ನು ನೋಡಿ ಎದುರಿನ ಸೀಟಿನ ಚೀನೀ ಅಜ್ಜಿಯೊಬ್ಬರು ಹಲ್ಲುನೋವಿರಬೇಕೆಂದು ಮರುಗಿ ತಮ್ಮ ಸೀಟು ಬಿಟ್ಟುಕೊಟ್ಟರು. ಕೊನೆಗೆ ಕೊಲ್ಲಿಯ ದಡದಲ್ಲಿರುವ, ಸಿಂಹದ ತಲೆಗೆ ಮೀನಿನ ಬಾಲ ಜೋಡಿಸಿದ ಮರ್‌ಲಯನ್ ಎಂಬ ಪ್ರತಿಮೆಯ ಮುಂದೆ ನಮ್ಮನ್ನು ಇಳಿಸಿದರು. 1972ರಲ್ಲಿ ನಿಲ್ಲಿಸಿದ 8.6 ಮೀಟರಿನ ಆ ಪ್ರಾಣಿ ಎಲ್ಲರೆದುರು ಬಾಯಿಂದ ಒಂದೇ ಸಮನೆ ನೀರು ಉಗುಳುತ್ತಿತ್ತು. ಅಷ್ಟರಲ್ಲಿ ಶೌಚಾಲಯ ಹುಡುಕಿ ಹಗುರಾಗಿ ಬಂದಿದ್ದ ಹಿರಿಯರು ಅದನ್ನು ಅಸೂಯೆಯಿಂದ ನೋಡಿ, "ಇಡೀ ಊರಲ್ಲಿ ಪರ್ಮಿಷನ್ ಇರೋದು ಇವನೊಬ್ಬನಿಗೇ" ಎಂದರು. ಸಿಂಹಪುರವೆಂದು ಹೆಸರಿಟ್ಟುಕೊಂಡ ಆ ದ್ವೀಪದ ಕಾಡಿನಲ್ಲಿ ಸಿಂಹ ಇದ್ದದ್ದೇ ಇಲ್ಲವೆನ್ನುತ್ತಾರೆ. ಸಿಂಹವನ್ನೇ ನೋಡಬೇಕೆಂದಿದ್ದರೆ ಸದಸ್ಯರು ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದವರೆಗೆ ಹೋಗಿದ್ದರೆ ಸಾಕಿತ್ತು.

ಹೋಗುವುದೇ ಆದರೆ ಪಿನಾಂಗಿಗಾದರೂ ಹೋಗಬಹುದಿತ್ತೆಂದು ನನಗೆ ಅನ್ನಿಸಿದ್ದುಂಟು. ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ. ಆ ದ್ವೀಪಕ್ಕೆ ಹೆಸರು ಬಂದದ್ದೇ ಅಡಿಕೆ ಮರದಿಂದ. ಅಡಿಕೆಯ ಹೆಸರಿನ ದ್ವೀಪದಲ್ಲಿ ನಮ್ಮ ನಿಯೋಗ ಇಳಿದಿದ್ದರೆ, ಎಲೆಚುಕ್ಕಿ ರೋಗದಿಂದ ತೋಟ ಕಳೆದುಕೊಂಡು ಕೂತಿರುವ ತೀರ್ಥಹಳ್ಳಿ, ಹೊಸನಗರದವರಿಗೆ ಕನಿಷ್ಠ ತಮಾಷೆಯ ಸಮಾಧಾನವಾದರೂ ಸಿಗುತ್ತಿತ್ತು.

ಊಟದ ಬಗ್ಗೆ ಸಣ್ಣ ಎಚ್ಚರಿಕೆ. ಅಲ್ಲಿನ ಹಾಕರ್ ಸೆಂಟರುಗಳಲ್ಲಿ ಉಂಡವರು ತಮ್ಮ ತಟ್ಟೆಯನ್ನು ತಾವೇ ಎತ್ತಿ ಕಪಾಟಿಗಿಡಬೇಕು. 2021ರಿಂದ ಅದಕ್ಕೂ ದಂಡವಿದೆ. ಆಪ್ತ ಸಹಾಯಕರನ್ನು ಜೊತೆಗೆ ಕರೆದೊಯ್ಯಲು ಈ ಒಂದು ಕಾರಣವೇ ಸಾಕು, ಟಿಪ್ಪಣಿಯಲ್ಲಿ ಬರೆದುಕೊಳ್ಳಬಹುದು.

ಇನ್ನು ಕಸ. ಸಿಂಗಾಪುರದವರು ಉರಿಯುವ ಕಸವನ್ನು ಸುಟ್ಟು, ಅದರ ಬೂದಿಯನ್ನು ದೋಣಿಗಳಲ್ಲಿ ತುಂಬಿಸಿ ಸೆಮಕಾವು ಎಂಬ ಬೇರೊಂದು ದ್ವೀಪಕ್ಕೆ ಸಾಗಿಸುತ್ತಾರೆ. 1999ರಿಂದ ಈ ಕೆಲಸ ನಡೆದಿದೆ. ಅಧ್ಯಯನವೆಂದರೆ ಇಷ್ಟೆ, ಇದನ್ನು ತಿಳಿಯಲು ನಾನು ಹೋಟೆಲಿನ ಹಾಸಿಗೆ ಬಿಟ್ಟು ಏಳಲಿಲ್ಲ. ನನಗಿರುವ ಹೆದರಿಕೆ ಬೇರೆ. ನಮ್ಮವರು ಹಿಂದಿರುಗಿ ಬಂದ ಮೇಲೆ, ಹಸಿ ಕಸ ಒಣ ಕಸ ಬೇರೆ ಮಾಡುವುದು, ಸುಡುವುದು, ಹೊಗೆ ಶುದ್ಧ ಮಾಡುವುದು ಮುಂತಾದ ಕಷ್ಟದ ಭಾಗವನ್ನೆಲ್ಲ ಅಲ್ಲೇ ಮರೆತು, "ನಮ್ಮ ಜಿಲ್ಲೆಯಲ್ಲೂ ಒಂದು ದ್ವೀಪ ಇದೆಯಲ್ಲ" ಎಂಬ ಸುಲಭದ ಭಾಗವನ್ನು ಮಾತ್ರ ನೆನಪಿಟ್ಟುಕೊಂಡು ಬಂದರೆ?

ಇದೆ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆಯವರು ತಮ್ಮ ಸೀಮೆಯನ್ನು ಕರೆಯುವುದೇ ದ್ವೀಪವೆಂದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಸಿಂಗಾಪುರ ಸ್ವತಂತ್ರ ದೇಶವಾದದ್ದು 1965ರ ಆಗಸ್ಟ್ 9ರಂದು. ಎರಡು ದ್ವೀಪಗಳೂ ಓರಗೆಯವು. ಒಂದು ದ್ವೀಪ ಅರವತ್ತು ವರ್ಷಗಳಲ್ಲಿ ಏನಾಯಿತೆಂದು ನೋಡಲು ನಾವು ವಿಮಾನ ಹತ್ತುತ್ತೇವೆ. ಇನ್ನೊಂದರ ಜನ ಅದೇ ಅರವತ್ತು ವರ್ಷ ಹಿನ್ನೀರು ದಾಟಿಸುವ ಲಾಂಚಿಗೆ ಕಾದರು. ಸಂಜೆ ಲಾಂಚು ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ದಡದಲ್ಲಿ ಕೂತು ಬೆಳಗಾಗುವುದನ್ನು ಕಾದರು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದಿಲ್ಲವೆಂಬ ಬೋರ್ಡು ಓದಿ ಮನೆಗೆ ತಿರುಗಿದರು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಆಯಿತು, ಸಂತೋಷ. ಆದರೆ ಅಷ್ಟರಲ್ಲಿ ಒಂದು ತಲೆಮಾರು ಕಾಯುತ್ತಲೇ ಸತ್ತುಹೋಗಿತ್ತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವುದೆಂದರೇನು ಎಂಬ ಅಧ್ಯಯನ ಪ್ರವಾಸವನ್ನು ಯಾವ ಸದಸ್ಯರೂ ಕೇಳಲಿಲ್ಲ, ಅದಕ್ಕೆ ದಿನಭತ್ಯೆ ಇರಲಿಲ್ಲ.

ನಾಲ್ಕನೆಯ ದಿನ ಟೂರಿನವರು ನಮ್ಮನ್ನು ಮರೀನಾ ಬ್ಯಾರೇಜಿಗೆ ಕರೆದೊಯ್ದಿದ್ದರು. ಕೊಲ್ಲಿಯ ಬಾಯಿಗೆ ಅಡ್ಡ ಕಟ್ಟಿ ಸಿಹಿನೀರಿನ ಕೆರೆ ಮಾಡಿದ ಅಣೆ ಅದು, 2008ರದು; ಹುಲ್ಲು ಬೆಳೆಸಿದ ಅದರ ತಾರಸಿಯ ಮೇಲೆ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ನಮ್ಮ ಹಿರಿಯರು ಕಟ್ಟೆಗೊರಗಿ ನೀರನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ಯಾರ ಊರು ಮುಳುಗಿತು ಅಂತ ಕೇಳಿ" ಎಂದು ನನಗೆ ಹೇಳಿದರು. ನಾನು ಗೈಡ್ ಹುಡುಗಿಯನ್ನು ಕೇಳಿದೆ. ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮೊದಲು ಇಲ್ಲಿ ಸಮುದ್ರವಿತ್ತು, ಊರೇನೂ ಇರಲಿಲ್ಲ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದಾಗ ಅವರು "ಹೌದಾ" ಎಂದವರು ಸಂಜೆಯವರೆಗೆ ಮತ್ತೆ ಮಾತಾಡಲಿಲ್ಲ. ಅರವತ್ನಾಲ್ಕರ ಮಳೆಗಾಲಕ್ಕೆ ಮೊದಲು, ಒಂಬತ್ತು ವರ್ಷದ ಹುಡುಗನಾಗಿ, ಒರಳುಕಲ್ಲು, ಕರು, ದೇವರ ಪೆಟ್ಟಿಗೆಗಳ ಜೊತೆ ಲಾರಿಯಲ್ಲಿ ಕೂತು ಬಂದು ಕಾಡಿನ ಅಂಚಿನಲ್ಲಿ ಇಳಿದವರು ಅವರು. ಇಳಿಸಿದ ಜಾಗಕ್ಕೆ ಹಕ್ಕುಪತ್ರ ಇಂದಿಗೂ ಬಂದಿಲ್ಲ. ಅರ್ಜಿ ಹಾಕಿದ್ದು ಅವರ ಅಪ್ಪ, ಕಡತ ಹುಡುಕಿಕೊಂಡು ಅಲೆಯುತ್ತಿರುವುದು ಅವರ ಮೊಮ್ಮಗ.

ಸಿಂಗಾಪುರದಲ್ಲೂ ಜನರನ್ನು ಎಬ್ಬಿಸಿದ್ದಾರೆ. ಕಂಪೊಂಗ್ ಎಂಬ ಹಳ್ಳಿಗಳನ್ನು ಬಹುಪಾಲು ತೆಗೆದುಹಾಕಿದ್ದಾರೆ, ಅಲ್ಲಿನವರಿಗೂ ಕಣ್ಣೀರು ಬಂದಿರುತ್ತದೆ, ಕಟ್ಟಪ್ಪಣೆಯ ಆಡಳಿತವನ್ನು ಹೊಗಳುವ ಅಭ್ಯಾಸ ನನಗಿಲ್ಲ. ಆದರೆ ಎಬ್ಬಿಸಿದವರ ಕೈಗೆ ಫ್ಲ್ಯಾಟಿನ ಕೀಲಿ ಕೊಟ್ಟರು. ಇಂದು ಅಲ್ಲಿನ ನಿವಾಸಿಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿ ಸರ್ಕಾರ ಕಟ್ಟಿದ ಮನೆಗಳಲ್ಲಿದ್ದಾರೆ. ಕಾರು ಕೊಳ್ಳಬೇಕಾದರೂ ಅಲ್ಲಿ ಮೊದಲು ಹತ್ತು ವರ್ಷದ ಹಕ್ಕುಪತ್ರವೊಂದನ್ನು ಹರಾಜಿನಲ್ಲಿ ಕೂಗಿ ಪಡೆಯಬೇಕು, 2023ರಲ್ಲಿ ಅದರ ಬೆಲೆ ಒಂದು ಲಕ್ಷ ಸಿಂಗಾಪುರ ಡಾಲರನ್ನು ದಾಟಿತ್ತು. ಅಲ್ಲಿ ಕಾರಿಗೂ ಸಿಗುವ ಹಕ್ಕುಪತ್ರ ಇಲ್ಲಿ, ರಾಜ್ಯಕ್ಕೆಲ್ಲ ದೀಪ ಹಚ್ಚಲು ತಮ್ಮ ಗದ್ದೆ ಮುಳುಗಿಸಿಕೊಂಡವರಿಗೆ ಸಿಗುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಿಸುತ್ತಿಲ್ಲ, ಕ್ಷಮಿಸಿ.

ವರದಿಯ ಉಳಿದ ಭಾಗವನ್ನು ಸದಸ್ಯರು ತಾವೇ ತುಂಬಿಸಿಕೊಳ್ಳಬಹುದು. ನಿನ್ನೆ ಸುದ್ದಿ ಓದಿದ ನಮ್ಮ ಸಾಗರದ ಹಿರಿಯರು ಫೋನ್ ಮಾಡಿ, ಹೊರಡುವವರಲ್ಲಿ ಕವಳ ಹಾಕುವವರು ಎಷ್ಟು ಮಂದಿ ಎಂದು ವಿಚಾರಿಸಿದರು. ಏಕೆಂದು ಕೇಳಿದ್ದಕ್ಕೆ, "ಅಲ್ಲಿ ಉಗುಳಬೇಡಿ ಅಂತ ಹೇಳಿ ಕಳಿಸಿ ಮಾರಾಯ್ರೇ, ಆ ದಂಡಾನೂ ನಮ್ಮ ಕಂದಾಯದಲ್ಲೇ ಕಟ್ಟುತಾರೆ" ಎಂದರು.