ಬೋಲ್ಟ್ ಸೋತ, ಪಾಪ ಅವನಿಗೇ ಗೊತ್ತಿಲ್ಲ

2020ರ ಫೆಬ್ರವರಿಯಲ್ಲಿ ಉಸೇನ್ ಬೋಲ್ಟ್ ದಕ್ಷಿಣ ಕನ್ನಡದ ಐಕಳದಲ್ಲಿ ಸೋತುಹೋದ. ಅವನು ಅಲ್ಲಿಗೆ ಬಂದಿರಲಿಲ್ಲ. ಕರೆದವರೂ ಇರಲಿಲ್ಲ. ಆದರೂ ಸೋತ. ಸೋಲಿಸಿದವರು ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು. ಹಾಗಂತ ಫೋನಲ್ಲಿ ಬಂದಿತ್ತು. ಫೋನಲ್ಲಿ ಬಂದ ಮೇಲೆ ನಂಬದೇ ಇರೋಕಾಗುತ್ತಾ?

ನಡೆದದ್ದು ಇಷ್ಟೇ. ಐಕಳ ಕಂಬಳದಲ್ಲಿ ಗೌಡರು ಓಡಿಸಿದ ಕೋಣಗಳು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಲ್ಲಿ ಮುಗಿಸಿದವು. ಹಿಂದೆಯೇ ಅವರೂ ಮುಗಿಸಿದರು. ಅಷ್ಟರಲ್ಲಿ ಯಾರಿಗೋ ಶಾಲೆಯಲ್ಲಿ ಕಲಿತ ತ್ರೈರಾಶಿ ನೆನಪಾಯಿತು. 142.5 ಮೀಟರಿಗೆ 13.62 ಸೆಕೆಂಡ್ ಆದರೆ 100 ಮೀಟರಿಗೆ ಎಷ್ಟು? 9.55. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿ ಮಾಡಿದ ವಿಶ್ವದಾಖಲೆ 9.58. ಮುಗೀತಲ್ಲ!

ಇದರ ಚಂದ ನೋಡಿ, ಬೇಕಂತಲೇ ಸುಳ್ಳು ಹೇಳಿದವರು ಯಾರು ಅಂತ ಹುಡುಕಿದರೆ ಒಬ್ಬರೂ ಸಿಗುವುದಿಲ್ಲ. ಅಳೆದ ದೂರ ಇತ್ತು, ಅಳೆದ ಸಮಯ ಇತ್ತು, ಭಾಗಾಕಾರದಲ್ಲೂ ತಪ್ಪಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದದ್ದು ಹುರುಳಿ ತಿಂದು ಕೊಬ್ಬಿದ ಎರಡು ಕೋಣ ಮಾತ್ರ.

ಕಂಬಳ ನೋಡಿದವರಿಗೆ ಗೊತ್ತು. ಓಡಿಸುವವನ ಒಂದು ಕೈ ಹಗ್ಗದಲ್ಲೋ ನೇಗಿಲಲ್ಲೋ ಇರುತ್ತದೆ. ಎಳೆತಕ್ಕೆ ಮೈ ಮುಂದಕ್ಕೆ ಬಾಗಿರುತ್ತದೆ. ಕಾಲು ಕೆಸರು ಮುಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಗಾಳಿಯಲ್ಲಿ. ಸ್ವಲ್ಪ ತಪ್ಪಿದರೆ ಮೂತಿ ಕೆಸರಲ್ಲಿ. ಕೋಣದ ವೇಗಕ್ಕೆ ಹೆಜ್ಜೆ ಕೂಡಿಸುವುದು ದೊಡ್ಡ ವಿದ್ಯೆ, ನಮಗೂ ನಿಮಗೂ ಏಳು ಜನ್ಮಕ್ಕೆ ಬರುವುದಿಲ್ಲ. ಆದರೆ ಎಳೆದವರನ್ನು ಬಿಟ್ಟು ಲೆಕ್ಕ ಹಾಕುವುದಾದರೆ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಏನು ಪಾಪ ಮಾಡಿದ್ದ? ಗಂಟೆಗೆ 60 ಕಿಲೋಮೀಟರ್ ಅಂತ ಹಿಡಿದರೂ ಫುಟ್‌ಬೋರ್ಡಲ್ಲಿ ನಿಂತುಕೊಂಡು 100 ಮೀಟರನ್ನು 6 ಸೆಕೆಂಡಲ್ಲಿ ಮುಗಿಸುತ್ತಾನೆ. ಅದೂ ಚಿಲ್ಲರೆ ಎಣಿಸುತ್ತಾ.

ಸಂಸತ್ತಿನಲ್ಲಿ ಹಾವು ಮುಂಗುಸಿಯಂತಿದ್ದವರೆಲ್ಲ ಈ ಒಂದು ವಿಷಯಕ್ಕೆ ಒಂದಾದರು. ಶಶಿ ತರೂರ್, ಈ ಮನುಷ್ಯನನ್ನು ಒಲಿಂಪಿಕ್ ಚಾಂಪಿಯನ್ ಮಾಡಿ ಎಂದು ಟ್ವೀಟ್ ಮಾಡಿದರು. ಉದ್ಯಮಿ ಆನಂದ್ ಮಹೀಂದ್ರಾ, ಮೈಕಟ್ಟು ನೋಡಿದರೇ ಸಾಕು ಎಂದರು. ಒಂದೋ ಇವರಿಗೆ ತರಬೇತಿ ಕೊಡಿ, ಇಲ್ಲವೋ ಕಂಬಳವನ್ನೇ ಒಲಿಂಪಿಕ್ಸಿಗೆ ಸೇರಿಸಿ ಅಂತ ಸಲಹೆಯನ್ನೂ ಕೊಟ್ಟರು. ನನಗೆ ಎರಡನೇದು ಬಹಳ ಹಿಡಿಸಿತು. ಉದ್ದೀಪನ ಮದ್ದಿನ ಪರೀಕ್ಷೆಯವರು ಬಾಟಲಿ ಬಿಟ್ಟು ಬಕೆಟ್ ಹಿಡಿದು ಕೋಣದ ಹಿಂದೆ ಕಾಯುವುದನ್ನು ಒಮ್ಮೆ ನೋಡಬೇಕು.

ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಇನ್ನೂ ಒಂದು ಹೆಜ್ಜೆ ಮುಂದೆ. ಒಲಿಂಪಿಕ್ಸ್ ಮಟ್ಟ ಎಂದರೇನು ಅನ್ನುವುದು ಜನರಿಗೆ ಸರಿಯಾಗಿ ಗೊತ್ತಿಲ್ಲ ಎಂದರು. ಅದೇ ಟ್ವೀಟಲ್ಲಿ ಗೌಡರನ್ನು ಟ್ರಯಲ್‌ಗೆ ಕರೆಸುತ್ತೇನೆ ಎಂದೂ ಹೇಳಿದರು. ರೈಲು ಟಿಕೆಟ್ಟೂ ಆಯಿತು. ಅದಕ್ಕೆ ಬರೀ ಆರು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಮಧ್ಯಪ್ರದೇಶದ ಹುಡುಗನೊಬ್ಬ ಬರಿಗಾಲಲ್ಲಿ 11 ಸೆಕೆಂಡಿಗೆ 100 ಮೀಟರ್ ಓಡಿದ ಅಂತ ಇಂಥದ್ದೇ ವಿಡಿಯೊ ಹರಿದಾಡಿತ್ತು. ಭೋಪಾಲಿನಲ್ಲಿ ಟ್ರಯಲ್ ಆಯಿತು. ಹುಡುಗ ಕೊನೆಗೆ ಬಂದ. ಹೊಗಳಿದವರೆಲ್ಲ ಅಷ್ಟರಲ್ಲಿ ಬೇರೆ ವಿಡಿಯೊಗೆ ಹೋಗಿದ್ದರು.

ಆಗ ನಮ್ಮ ದೇಶದ ನಿಜವಾದ 100 ಮೀಟರ್ ದಾಖಲೆ 10.26 ಸೆಕೆಂಡ್. ಓಡಿದ್ದು ಒಡಿಶಾದ ಅಮಿಯ ಕುಮಾರ್ ಮಲ್ಲಿಕ್, 2016ರಲ್ಲಿ. ಅವರ ಹೆಸರು ಎಷ್ಟು ಜನ ಫಾರ್ವರ್ಡ್ ಮಾಡಿದರು? ಪಾಪ, ಅವರ ಮುಂದೆ ಕೋಣ ಇರಲಿಲ್ಲ.

ಈ ಗದ್ದಲದಲ್ಲಿ ತಲೆ ನೆಟ್ಟಗಿದ್ದದ್ದು ಗೌಡರೊಬ್ಬರದ್ದೇ. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು ಎಂದರು. ಓಡಿದ್ದರಲ್ಲಿ ಕೋಣಗಳ ಪಾಲೂ ಇದೆ ಎಂದರು. ಕಾಲು ನೋವಿದೆ, ಕಂಬಳ ಇನ್ನೂ ಮುಗಿದಿಲ್ಲ, ಟ್ರಯಲ್‌ಗೆ ಬರಲ್ಲ ಎಂದರು. ಇನ್ನು ಹೇಗೆ ಬಿಡಿಸಿ ಹೇಳಬೇಕು? ಕೇಳಿದ ಜನ 'ಆಹಾ, ಎಂಥಾ ವಿನಯ' ಅಂತ ಅದನ್ನೂ ನಾಲ್ಕು ಗ್ರೂಪಿಗೆ ಕಳಿಸಿದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಕರೆಸಿ 3 ಲಕ್ಷ ರೂಪಾಯಿ ಕೊಟ್ಟರು. ಕಟ್ಟಡ ಕೆಲಸ ಮಾಡಿಕೊಂಡಿದ್ದವರಿಗೆ ಅದಾದರೂ ಸಿಕ್ಕಿತಲ್ಲ. ಲೈಕು ಒತ್ತಿದವರು ಕೊಟ್ಟದ್ದು ಲೈಕು.

ಬೋಲ್ಟ್‌ನ ಗ್ರಹಚಾರ ಅಲ್ಲಿಗೇ ಮುಗಿಯಲಿಲ್ಲ. ಅದೇ ತಿಂಗಳು ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ಕ್ಕೆ ಮುಗಿಸಿದರು. ತ್ರೈರಾಶಿ ಹಾಕಿ: 9.51. ಒಂದೇ ತಿಂಗಳಲ್ಲಿ ಎರಡು ಸೋಲು. 2021ರಲ್ಲಿ ಗೌಡರು ಮತ್ತೆ ಓಡಿದರು, ಈ ಸಲ 8.78 ಅಂತ ಸುದ್ದಿ. ಒಂದೇ ವರ್ಷದಲ್ಲಿ 0.77 ಸೆಕೆಂಡ್ ಕಮ್ಮಿ! ಇದೇ ಲೆಕ್ಕದಲ್ಲಿ ಹೋದರೆ 2033ಕ್ಕೆ ಸೊನ್ನೆಗಿಂತ ಕೆಳಗೆ. ಅಂದರೆ ಕೋಣ ಬಿಡುವ ಮೊದಲೇ ಮನುಷ್ಯ ಮುಟ್ಟಿರುತ್ತಾನೆ. ರೈಲು ಟಿಕೆಟ್ ಈಗಲೇ ಮಾಡಿಸಿಡುವುದು ಒಳ್ಳೆಯದು, ಆಮೇಲೆ ವೇಟಿಂಗ್ ಲಿಸ್ಟ್ ಜಾಸ್ತಿ.