ದುಡ್ಡು ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡನ್ನು ಆಫ್ ಮಾಡಬೇಕಂತೆ!

ಹೊಸ ಲ್ಯಾಪ್‌ಟಾಪ್ ತಂದು ಇವತ್ತಿಗೆ 19 ದಿನ. ಒಂದು ಆಲ್ಬಂ ಕೂಡ ನೆಟ್ಟಗೆ ಮುಗಿದಿಲ್ಲ. ಸ್ಕ್ರೀನ್ ಮಿನುಗುತ್ತದೆ. ಅದೂ ಫೋಟೋ ಎಡಿಟ್ ಮಾಡುವಾಗ ಮಾತ್ರ. ವಿಡಿಯೋ ಹಾಕಿದರೆ ಏನೂ ಇಲ್ಲ, ಬಿಲ್ ಬರೆಯುವಾಗ ಏನೂ ಇಲ್ಲ. ಫೋಟೋ ತೆರೆದು, ಜೂಮ್ ಮಾಡಿ, ಬ್ರಷ್ ಇಟ್ಟರೆ ಶುರು. ಪಟಪಟ ಕಪ್ಪಾಗುತ್ತದೆ, ಬರುತ್ತದೆ, ಮತ್ತೆ ಕಪ್ಪಾಗುತ್ತದೆ.

ನಾನು ತಿಪಟೂರಿನಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವನು. 12 ಬೈ 36 ಇಂಚಿನ ಒಂದು ಶೀಟ್ ಅಂದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 3,600 ಬೈ 10,800 ಪಿಕ್ಸೆಲ್. ಹೆಚ್ಚುಕಡಿಮೆ 3.9 ಕೋಟಿ ಚುಕ್ಕೆ. ಅದರ ಮೇಲೆ ಹತ್ತಿಪ್ಪತ್ತು ಲೇಯರ್. ಅರಿಶಿನ ಶಾಸ್ತ್ರದ ಫೋಟೋದಲ್ಲಿ ಹುಡುಗಿಯ ಕೆನ್ನೆಯ ಹಳದಿ ಎಷ್ಟು ಉಳಿಯಬೇಕು, ಎಷ್ಟು ತೆಗೀಬೇಕು ಅನ್ನೋದು ಕಣ್ಣಳತೆಯ ಕೆಲಸ. ಬಣ್ಣವೇ ಕಣ್ಣೆದುರು ನಿಲ್ಲದಿದ್ದರೆ ಏನಂತ ತೆಗೆಯಲಿ? ಅರ್ಧ ಗಂಟೆಗೆ ಕಣ್ಣು ಉರಿ, ಒಂದು ಗಂಟೆಗೆ ತಲೆನೋವು.

ಈ ಲ್ಯಾಪ್‌ಟಾಪ್‌ಗೆ ಸುರಿದದ್ದು ನನ್ನ ಹೆಂಡತಿ ಕಟ್ಟಿದ ಚೀಟಿ ದುಡ್ಡು. ಸುಮ್ನೆ ಶೋಕಿಗೆ ತಂದದ್ದಲ್ಲ. ಚಿತ್ರ ತೋರಿಸುವ ಕೆಲಸಕ್ಕೇ ಮೀಸಲಾದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಮಾಡೆಲ್ಲೇ ಬೇಕು ಅಂತ ಜಾಸ್ತಿ ಕೊಟ್ಟು ತಂದೆವು.

ಅಂಗಡಿಗೆ ಫೋನ್ ಮಾಡಿದೆ. "ಸಾಫ್ಟ್‌ವೇರ್ ಪ್ರಾಬ್ಲಂ ಸಾರ್" ಎಂದರು. ಫೋಟೋ ಸಾಫ್ಟ್‌ವೇರ್‌ನವರು "ಡ್ರೈವರ್ ಪ್ರಾಬ್ಲಂ" ಎಂದರು. ಡ್ರೈವರ್ ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪ್ರೋಗ್ರಾಂ. ಲ್ಯಾಪ್‌ಟಾಪ್ ಕಂಪನಿಯವರು ಪೂರ್ತಿ ಕೇಳಿಸಿಕೊಳ್ಳದೆ "ಫಾರ್ಮ್ಯಾಟ್ ಮಾಡಿ" ಎಂದರು. ಮಾಡಿದೆ. ಕನ್ನಡ ಫಾಂಟ್, ಬ್ರಷ್, ಆಕ್ಷನ್, ಎಲ್ಲಾ ಮತ್ತೆ ಹಾಕಲು ಎರಡು ರಾತ್ರಿ ಹೋಯಿತು. ಮಿನುಗು ಅಲ್ಲೇ ಇತ್ತು. ಮತ್ತೆ ಫೋನ್ ಮಾಡಿದರೆ ಈ ಸಲ "ಸ್ಕ್ರೀನ್ ಪ್ಯಾನೆಲ್ ಹೋಗಿರಬಹುದು, ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ತನ್ನಿ, ಒಂದು ವಾರ ಬಿಡಬೇಕು" ಅಂತೆ. ಮದುವೆ ಸೀಸನ್‌ನಲ್ಲಿ ಒಂದು ವಾರ!

ಪ್ಯಾನೆಲ್ ಹೋಗಿಲ್ಲ ಅಂತ ಕಂಡುಕೊಂಡವನು ನಾನೇ. ಮಿನುಗುವಾಗ ಫೋಟೋ ಮೇಲೆ ಟಾಸ್ಕ್ ಮ್ಯಾನೇಜರ್ (ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಕಿಟಕಿ) ತೆರೆದಿಟ್ಟೆ. ಅದು ಅಲುಗಾಡಲಿಲ್ಲ, ಹಿಂದಿನ ಫೋಟೋ ಮಾತ್ರ ಮಿನುಗುತ್ತಿತ್ತು. ಪ್ಯಾನೆಲ್ ಕೆಟ್ಟಿದ್ದರೆ ಎರಡೂ ಮಿನುಗಬೇಕು ಅಲ್ವಾ? ಆಮೇಲೆ ಫೋಟೋ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ (ಅಂದರೆ ಆ ಕಾರ್ಡ್) ಬಳಸುವ ಟಿಕ್ ತೆಗೆದೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಮಿನುಗು ಮಾಯ. ಈ ಎರಡು ಪರೀಕ್ಷೆಗೆ ಐದು ನಿಮಿಷ ಸಾಕು. ಸಂಬಳ ತಗೊಂಡು ಫೋನ್ ಎತ್ತುವ ಒಬ್ಬರಾದರೂ ಇದನ್ನು ಹೇಳಬಾರದಾ?

ಇದನ್ನು ಕಂಪನಿಗೆ ತಿಳಿಸಿದ್ದಕ್ಕೆ ಬಂದ ಉತ್ತರ ಕೇಳಿ: "ಹಾಗಾದರೆ ಆ ಟಿಕ್ ತೆಗೆದೇ ಇಟ್ಟುಬಿಡಿ ಸಾರ್." ಮೈ ಉರಿದುಹೋಯಿತು. ಕಾರ್ಡ್ ಆಫ್ ಮಾಡಿದರೆ ಜೂಮ್ ತಡವರಿಸುತ್ತದೆ, ಬ್ರಷ್ ಕೈಯ ಹಿಂದೆ ತೆವಳುತ್ತದೆ, ಕೆಲವು ಟೂಲ್ ತೆರೆಯುವುದೇ ಇಲ್ಲ. ಯಾವುದಕ್ಕೆ ಜಾಸ್ತಿ ದುಡ್ಡು ಕೊಟ್ಟೆನೋ ಅದನ್ನೇ ಮುಚ್ಚಿಡಿ ಅನ್ನೋದು ರಿಪೇರಿಯಾ?

ನಾನು ಒಪ್ಪಲಿಲ್ಲ. ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಬಿಟ್ಟು ದೊಡ್ಡ ಕಾರ್ಡನ್ನೇ ಬಳಸುವಂತೆ ಆ ಸಾಫ್ಟ್‌ವೇರ್‌ಗೆ ಸೆಟ್ ಮಾಡಿದೆ. ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡಬೇಕು ಅನ್ನೋದನ್ನು 144 ಹರ್ಟ್ಸ್‌ನಿಂದ 60ಕ್ಕೆ ಇಳಿಸಿದೆ. ಸ್ವಲ್ಪ ಕಮ್ಮಿ ಆಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ಇರುವ ಡ್ರೈವರ್ ಪೂರಾ ತೆಗೆದು ಹಳೆಯ ವರ್ಷನ್ ಹಾಕಿದೆ. ನಿಂತಿತು! ಎರಡು ದಿನ ಕೂತು 14 ಶೀಟ್ ಮುಗಿಸಿದೆ.

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಮತ್ತೆ ಅದೇ ಮಿನುಗು. ರಾತ್ರಿ ನನ್ನನ್ನು ಒಂದು ಮಾತೂ ಕೇಳದೆ ಅಪ್‌ಡೇಟ್ ಆಗಿದೆ. ಹೊಸ ಡ್ರೈವರ್ ವಾಪಸ್ ಬಂದು ಕೂತಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಏನಿರಬೇಕು ಅಂತ ಹೇಳುವ ಹಕ್ಕೂ ನನಗಿಲ್ಲವಾ?

ಬುಧವಾರ ಫೈಲ್ ಪ್ರಿಂಟ್ ಹಾಕುವ ಲ್ಯಾಬ್‌ಗೆ ಹೋಗಬೇಕು. ಇನ್ನೂ 22 ಶೀಟ್ ಬಾಕಿ. ಹುಡುಗಿ ಮನೆಯವರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದಾರೆ. ಅಟ್ಟದ ಮೇಲಿಟ್ಟಿದ್ದ ಹಳೇ ಡೆಸ್ಕ್‌ಟಾಪ್ ಇಳಿಸಿ, ಧೂಳು ಒರೆಸಿ, ಅದರಲ್ಲೇ ಕೂತಿದ್ದೇನೆ.